ಎಮ್ಮೆಯ ಬೆದೆಯೂ ಬೇಸಗೆಯ ಗೊಡ್ಡುತನವೂ

ಫಾಲ್ಗುನದಿಂದ ಆಷಾಢದವರೆಗೆ ಬೆದೆಯ ಸುಳಿವನ್ನೇ ತೋರದ ಎಮ್ಮೆಯನ್ನು ಗೊಡ್ಡೆಂದು ನಿರ್ಣಯಿಸಿ ಸಂತೆಗೆ ಹೊಡೆಯುವುದು ಒಕ್ಕಲಿಗರಲ್ಲಿ ಅಪರೂಪದ ಸಂಗತಿಯಲ್ಲ. ಹೀಗೆ ಮಾರಿಹೋಗುವವೆಲ್ಲವೂ ನಿಜವಾದ ಬಂಜೆಗಳಲ್ಲ. ತಮ್ಮ ಕಾಲವನ್ನು ಕಾಯುತ್ತಿರುವವೂ ಅವುಗಳಲ್ಲಿ ಸೇರಿರುವುವು. ಕರೆಯುವ ಎಮ್ಮೆಯೊಂದನ್ನೇ ನೆಚ್ಚಿದ ಸಂಸಾರಕ್ಕೆ ಈ ತಪ್ಪೆಣಿಕೆಯಿಂದಾಗುವ ನಷ್ಟವು ಅಲ್ಪವಲ್ಲ.

ಎಮ್ಮೆಯ ಋತುಚಕ್ರವು ಹಸುವಿನದರಂತೆಯೇ ಸುಮಾರು 21 ದಿನಗಳದು. ಬೆದೆಯು ಸಾಮಾನ್ಯವಾಗಿ 12ರಿಂದ 24 ಗಂಟೆಗಳವರೆಗೆ ನಿಲ್ಲುವುದು; ಅದು ಅಡಗಿದ ಬಳಿಕ ಅಂಡಾಣುವು ಬಿಡುಗಡೆಯಾಗುವುದು. ಗಬ್ಬದ ಅವಧಿಯು ಹಸುವಿಗೆ 280 ದಿನಗಳ ಸುಮಾರಾದರೆ ಎಮ್ಮೆಗೆ 310 ದಿನಗಳ ಸುಮಾರು. ಮುಖ್ಯವಾದ ಭೇದವಿರುವುದು ಬೆದೆಯ ಲಕ್ಷಣಗಳಲ್ಲಿ. ಬೆದೆಗೆ ಬಂದ ಹಸುವು ಇತರ ದನಗಳ ಮೇಲೆ ಹತ್ತುವುದು. ಎಮ್ಮೆಯಲ್ಲಿ ಈ ನಡತೆಯು ವಿರಳ. ಮೇಲಿಂದ ಮೇಲೆ ಗಂಜಳ ಹೊಯ್ಯುವುದು, ಯೋನಿದ್ವಾರದ ಊತ, ತಿಳಿಯಾದ ಲೋಳೆ, ಇಷ್ಟೇ ಗುರುತುಗಳು. ಇವೂ ಹೆಚ್ಚಾಗಿ ಇರುಳಲ್ಲಿ ಇಲ್ಲವೆ ಬೆಳಗಿನ ಜಾವದಲ್ಲಿ ತೋರುವುವು. ಬೇಸಗೆಯಲ್ಲಂತೂ ಅಂಡಾಶಯವು ತನ್ನ ಕಾರ್ಯವನ್ನು ನಡೆಸುತ್ತಿದ್ದರೂ ಹೊರಗೆ ಏನೂ ಕಾಣದಿರುವುದುಂಟು. ಇದಕ್ಕೆ ಮೂಕಬೆದೆಯೆಂದು ಹೆಸರು. ಕಿನ್ನರಿಯ ನಾದವನ್ನರಿಯದೆಂದು ಗಾದೆಯು ಹಳಿದ ಕೋಣವು ಮನುಷ್ಯನಿಗೆ ತಿಳಿಯದ ಈ ಬೆದೆಯನ್ನು ಮೂಸಿ ತಿಳಿಯಬಲ್ಲುದು!

ಋತುಭೇದಕ್ಕೆ ಮೂಲಕಾರಣವು ಹಗಲಿನ ಅಳತೆ. ಕತ್ತಲೆಯಲ್ಲಿ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಚೋದಕರಸವನ್ನು ಸ್ರವಿಸುವುದು. ಇರುಳು ನೀಳವಾದಂತೆ ಈ ಸ್ರಾವವೂ ನೀಳವಾಗಿ, ಮಿದುಳಿನ ಮೂಲಕ ಅಂಡಾಶಯಕ್ಕೆ ಪ್ರಚೋದನೆಯುಂಟಾಗುವುದು. ಆದುದರಿಂದಲೇ ಹರಿಯಾಣದ ಮುರ್ರಾ ಎಮ್ಮೆಗಳು ಬಹುಮಟ್ಟಿಗೆ ಚಳಿಗಾಲದ ಆಸುಪಾಸಿನಲ್ಲಿ ಗಬ್ಬಕಟ್ಟಿ, ಮುಂಗಾರಿನಿಂದ ಮುಂದಕ್ಕೆ ಈಯುವುವು. ಇಟಲಿಯಲ್ಲಿ ಮೊಝರೆಲ್ಲಾ ಗಿಣ್ಣಿಗೆ ಬೇಸಗೆಯಲ್ಲಿಯೇ ಬೇಡಿಕೆ ಹೆಚ್ಚು; ಅಲ್ಲಿಯ ಸಾಕಣೆಗಾರರು ಶರತ್ಕಾಲದಲ್ಲಿ ಕೋಣಗಳನ್ನು ಮಂದೆಯಿಂದ ಅಗಲಿಸಿ, ವಸಂತದಲ್ಲಿ ಮರಳಿ ಕೂಡಿಸಿ, ಈಲಿನ ಕಾಲವನ್ನು ಬಲವಂತವಾಗಿ ತಿರುಗಿಸುವರು. ಗಬ್ಬವಾಗುವ ಎಮ್ಮೆಗಳ ಸಂಖ್ಯೆ ಇಳಿಯುವುದೇ ಇದಕ್ಕೆ ತೆರುವ ಬೆಲೆ.

ಕನ್ನಡನಾಡಿನ ಸ್ಥಿತಿಯು ಬೇರೆ. ಹಿಸಾರದಲ್ಲಿ ಅತಿದೀರ್ಘವಾದ ಹಗಲು 14 ಗಂಟೆಗಳ ಸುಮಾರಾಗಿದ್ದು, ಅತಿಹ್ರಸ್ವವಾದುದು 10 ಗಂಟೆಗಳಿಗೆ ತುಸು ಮಿಗಿಲು. ಧಾರವಾಡದಲ್ಲಿ ಈ ಅಂತರವು ಎರಡು ಗಂಟೆಗಳನ್ನೂ ಮುಟ್ಟದು. ಆದಕಾರಣ ಇಲ್ಲಿ ಬೆಳಕಿಗಿಂತ ಬಿಸಿಲಿಗೂ ಮೇವಿಗೂ ಹೆಚ್ಚಿನ ಹೊಣೆಯನ್ನು ಹೊರಿಸುವುದು ಯುಕ್ತವಾಗಿದೆ. ಎಮ್ಮೆಯ ಕರಿಯ ಚರ್ಮವು ಕಾವನ್ನು ಹೀರುವುದು. ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಕೆರೆ ಬತ್ತಿದಾಗ ಮೈ ತಣಿಸಿಕೊಳ್ಳುವ ದಾರಿಯೇ ಮುಚ್ಚುವುದು. ಒಣಹುಲ್ಲಿನಲ್ಲಿಯೇ ದಿನ ಕಳೆಯುವ ಎಮ್ಮೆಯ ಅಂಡಾಶಯವು ಎಷ್ಟೋ ಸಲ ಸ್ತಬ್ಧವಾಗಿಬಿಡುವುದು. ನೆರಳು, ಮಧ್ಯಾಹ್ನ ಮೈಮೇಲೆ ನೀರು, ಒಂದಿಷ್ಟು ಹಸಿಮೇವು, ಇವು ಔಷಧಕ್ಕಿಂತ ಮೊದಲು ಸಲ್ಲತಕ್ಕವು.

ಮಾರುವುದಕ್ಕೆ ಮುಂಚೆ ಪಶುವೈದ್ಯರಿಂದ ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಸಲ ಅಂಡಾಶಯವನ್ನು ಪರೀಕ್ಷಿಸಿಸಬೇಕು. ಗಬ್ಬವಿಲ್ಲದ ಎಮ್ಮೆಯಲ್ಲಿ ಒಮ್ಮೆಯಾದರೂ ಪೀತಪಿಂಡವು ಕೈಗೆ ಸಿಕ್ಕಿದರೆ ಚಕ್ರವು ನಡೆಯುತ್ತಿರುವುದು ಬಹುತೇಕ ನಿಶ್ಚಯ. ತಪ್ಪಿದ್ದು ನೋಡುವವರ ಕಣ್ಣು. ಎರಡು ಸಲವೂ ಸಿಕ್ಕದಿದ್ದರೆ ಅಂಡಾಶಯವು ಸುಮ್ಮನಿದೆಯೆಂದು ತಿಳಿದು, ಮೇವನ್ನು ತಿದ್ದಿ, ಮಳೆ ಹಿಡಿದು ಹಸುರು ಚಿಗುರುವವರೆಗೆ ಕಾದು ನೋಡತಕ್ಕದ್ದು.