ಬಸರಾಳಿನ ಗುಡಿಗೆ ಲೈಬ್ರರಿಯ ದಾರಿ

ಮಂಡ್ಯದಿಂದ ನಾಗಮಂಗಲದ ಕಡೆಗೆ ಸುಮಾರು 25 ಕಿ.ಮೀ. ದೂರದಲ್ಲಿರುವ ಬಸರಾಳಿನ ಮಲ್ಲಿಕಾರ್ಜುನ ದೇವಾಲಯ 1234ರಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಆದದ್ದು. ಕಟ್ಟಿಸಿದವನು ಹರಿಹರ ದಣ್ಣಾಯಕ. ಮೂರು ಗರ್ಭಗುಡಿಗಳ ತ್ರಿಕೂಟವಾದರೂ ಶಿಖರವಿರುವುದು ನಡುವಿನದಕ್ಕೆ ಮಾತ್ರ. ಇಷ್ಟನ್ನು ತಿಳಿಯಲು ಇವತ್ತು ಯಾರೂ ಲೈಬ್ರರಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ಮೊಬೈಲಿನಲ್ಲಿ ಅರೆ ನಿಮಿಷದ ಕೆಲಸ. ಪದವಿ ತರಗತಿಯ ಎಷ್ಟೋ ಪ್ರಾಜೆಕ್ಟ್ ವರದಿಗಳು ಈ ಅರೆ ನಿಮಿಷವನ್ನೇ ನಲವತ್ತು ಪುಟಕ್ಕೆ ಹಿಗ್ಗಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು ಬರುತ್ತವೆ. ಆದರೆ ಈ ಸಂಗತಿಗಳು ನಮಗೆ ಗೊತ್ತಾದದ್ದು ಹೇಗೆ, ಮೊದಲು ಹೇಳಿದವರು ಯಾರು, ಅವರು ಯಾವುದನ್ನು ನೋಡಿ ಹೇಳಿದರು ಎಂದು ಕೇಳಿದರೆ ವರದಿ ಬಾಯಿ ಬಿಡುವುದಿಲ್ಲ. ಸಂಶೋಧನೆ ಶುರುವಾಗುವುದೇ ಆ ಕೇಳುವಿಕೆಯಿಂದ. ಅದನ್ನು ಕಲಿಸಲು ಕಾಲೇಜಿನ ಸಾಧಾರಣ ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗವಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ವಿದ್ಯಾರ್ಥಿಗೆ ತನ್ನ ಸೀಮೆಯ ಕಲ್ಲುಗಳಿಗಿಂತ ಒಳ್ಳೆಯ ಪಾಠವೂ ಇಲ್ಲ.

ಗ್ರಂಥಾಲಯ ಮೊದಲು ಕಲಿಸುವುದು, ಒಂದು ವಿಷಯ ಒಂದೇ ಕಪಾಟಿನಲ್ಲಿ ಇರುವುದಿಲ್ಲ ಎಂಬುದನ್ನು. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕರ್ನಾಟಕದ ಇತಿಹಾಸ 954.87ರಲ್ಲಿ ಬಂದರೆ, ದೇವಾಲಯದ ವಾಸ್ತು 726ರ ಸಾಲಿಗೆ ಸೇರುತ್ತದೆ. ಶಾಸನ ಸಂಪುಟಗಳು ಸಾಮಾನ್ಯವಾಗಿ ಮನೆಗೆ ಕೊಡದ ರೆಫರೆನ್ಸ್ ವಿಭಾಗದಲ್ಲಿರುತ್ತವೆ. ಬಸರಾಳು ಎಂಬ ಹೆಸರಿನ ಪುಸ್ತಕ ಇದೆಯೇ ಎಂದು ಕೇಳಿ, ಇಲ್ಲ ಅನ್ನಿಸಿಕೊಂಡು ವಾಪಸಾಗುವ ಹುಡುಗಿ ಸೋಲುವುದು ಪುಸ್ತಕದ ಕೊರತೆಯಿಂದಲ್ಲ. ಅವಳಿಗೆ ಬೇಕಾದದ್ದು ಎಪಿಗ್ರಾಫಿಯಾ ಕರ್ನಾಟಿಕದ ಒಂದು ಸಂಪುಟ. ಬಿ.ಎಲ್. ರೈಸ್ ಅವರ ಹಳೆಯ ಸರಣಿಯಲ್ಲಿ ಮಂಡ್ಯ ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗದು, ಏಕೆಂದರೆ ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. 1894ರ ಮೂರನೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ ತಾಲ್ಲೂಕುಗಳು ಮೈಸೂರು ಜಿಲ್ಲೆಯ ಒಳಗಿವೆ. ಪಕ್ಕದ ನಾಗಮಂಗಲ ನಾಲ್ಕನೆಯ ಸಂಪುಟಕ್ಕೆ ಹೋಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಪರಿಷ್ಕೃತ ಸರಣಿಯಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ಒಟ್ಟಿಗೆ ಏಳನೆಯ ಸಂಪುಟದಲ್ಲಿವೆ. ಶಾಸನಗಳನ್ನು ತಾಲ್ಲೂಕು ಮತ್ತು ಸಂಖ್ಯೆಯಿಂದ ಗುರುತಿಸುವುದು ವಾಡಿಕೆ. ಎರಡು ಸರಣಿಗಳಲ್ಲಿ ಆ ಸಂಖ್ಯೆ ಬೇರೆಬೇರೆ. ಯಾವ ಆವೃತ್ತಿ ಎಂದು ಹೇಳದ ಅಡಿಟಿಪ್ಪಣಿ ಓದುಗನನ್ನು ಬೇರೆ ಊರಿನ ಕಲ್ಲಿನ ಮುಂದೆ ನಿಲ್ಲಿಸಬಹುದು. ಜಿಲ್ಲೆಯ ಗಡಿ ಬದಲಾದ ಚರಿತ್ರೆ ಗೊತ್ತಿಲ್ಲದೆ ಪದಸೂಚಿಯನ್ನೂ ಬಳಸಲಾಗದು ಎಂಬುದು ಇಲ್ಲಿ ಕೈಯಾರೆ ತಿಳಿಯುತ್ತದೆ.

ಇಸವಿಯ ವಿಚಾರವನ್ನೇ ನೋಡೋಣ. ಒಂದು ಪುಸ್ತಕ ಗುಡಿಯ ಕಾಲ 1234 ಎಂದು, ಇನ್ನೊಂದು 1235 ಎಂದು ಬರೆದಿದ್ದರೆ ವಿದ್ಯಾರ್ಥಿ ಸಾಮಾನ್ಯವಾಗಿ ದಪ್ಪ ಪುಸ್ತಕವನ್ನು ನಂಬುತ್ತಾನೆ. ಶಾಸನಗಳು ಕಾಲ ಹೇಳುವುದು ಬಹುಮಟ್ಟಿಗೆ ಶಕವರ್ಷ, ಸಂವತ್ಸರಗಳಲ್ಲಿ. ಶಕ 1156, ಜಯ ಸಂವತ್ಸರ, 1234ರ ಯುಗಾದಿಗೆ ಹುಟ್ಟಿ 1235ರ ಯುಗಾದಿಗೆ ಮುಗಿಯಿತು. 78 ಕೂಡಿಸಿ ಕೈ ತೊಳೆದುಕೊಂಡರೆ ಒಂದು ಇಸವಿ ಸಿಗುತ್ತದೆ; ತಿಂಗಳು, ತಿಥಿ ನೋಡಿದರೆ ಮುಂದಿನ ಇಸವಿಯೂ ಆಗಬಹುದು. ಎಣಿಕೆಯಲ್ಲಿ ಕಳೆದ ವರ್ಷ ಹಿಡಿದಿದ್ದಾರೋ ನಡೆಯುವ ವರ್ಷ ಹಿಡಿದಿದ್ದಾರೋ ಎಂಬ ತೊಡಕೂ ಇದೆ. ಹಾಗಾಗಿ ಎರಡು ಪುಸ್ತಕಗಳ ಜಗಳ ತೀರುವುದು ಮೂರನೆಯ ಪುಸ್ತಕದಿಂದಲ್ಲ, ಮೂಲಪಾಠದಿಂದ ಮತ್ತು ಪಂಚಾಂಗದ ಲೆಕ್ಕದಿಂದ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಇದನ್ನು ಮಾಡಬಲ್ಲ.

ಮೂಲವೊಂದೇ ಸಾಲದು ಎನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಸಾಕ್ಷಿ. ಗಂಗ ಬೂತುಗನ ಆಳು ಮಣಲೇರ, ಬಹುಮಾನವಾಗಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತಾಗ ನಿಲ್ಲಿಸಿದ ಈ ಕಲ್ಲು ಸುಮಾರು 949–50ರದು. ಈಗಿರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ತಕ್ಕೋಲದ ಯುದ್ಧದಲ್ಲಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ವಿಷಯ ಇದರಲ್ಲಿದೆ. ಆರಂಭದ ಓದಿನಲ್ಲಿ ಬೂತುಗ ವಂಚನೆಯಿಂದ ಇರಿದು ಕೊಂದ ಎಂಬ ಅರ್ಥ ಬಂದಿತ್ತು. ಜೆ.ಎಫ್. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅದೇ ಸಾಲುಗಳನ್ನು ಮತ್ತೆ ಪರಿಶೀಲಿಸಿದಾಗ, ಆನೆಯ ಮೇಲಿನ ಅಂಬಾರಿಯನ್ನೇ ಕಣವಾಗಿಸಿಕೊಂಡು ಕಾದಿ ಕೊಂದ ಎಂದಾಯಿತು. ರಾಜಾದಿತ್ಯ ಆನೆಯ ಮೇಲೆ ಮಡಿದನೆಂದು ಚೋಳರ ಕಡೆಯ ದಾಖಲೆಯೂ ಹೇಳುತ್ತದೆ. ಕಲ್ಲು ಬದಲಾಗಲಿಲ್ಲ, ಓದು ಬದಲಾಯಿತು. ಮೊದಲ ಮುದ್ರಣವನ್ನಷ್ಟೇ ನೋಡಿದವನು ಒಬ್ಬ ವೀರನಿಗೆ ದ್ರೋಹಿಯ ಪಟ್ಟ ಕಟ್ಟಿಯಾನು. ಆದ್ದರಿಂದಲೇ ಅಡಿಟಿಪ್ಪಣಿ, ಮರುಮುದ್ರಣದ ಇಸವಿ, ಸೇರ್ಪಡೆ–ತಿದ್ದುಪಡಿಗಳ ಪುಟ ಇವನ್ನು ಓದುವ ಅಭ್ಯಾಸ ಬೇಕು. ಸತ್ತು ಸಾವಿರ ವರ್ಷವಾದವನಿಗೂ ನ್ಯಾಯ ಸಿಗುವುದು ಅಲ್ಲಿಂದಲೇ.

ಇದೆಲ್ಲ ಇಂಟರ್‌ನೆಟ್‌ನಲ್ಲೇ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ನಿಜ. ರೈಸ್ ಅವರ ಹಳೆಯ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿವೆ, ದೇಶದ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಉಚಿತವಾಗಿ ತೆರೆದುಕೊಳ್ಳುತ್ತವೆ. ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್‌ಗೆ ಸೇರಿದ ಕಾಲೇಜಿನ ವಿದ್ಯಾರ್ಥಿ ಲೈಬ್ರರಿಯ ಮೂಲಕ ಹೆಸರು ನೋಂದಾಯಿಸಿ ಮನೆಯಿಂದಲೇ ಜರ್ನಲ್ ಓದಬಹುದು. ಇವೆಲ್ಲ ಗ್ರಂಥಾಲಯದ ಎದುರಾಳಿಗಳಲ್ಲ, ಅದರದೇ ಕೋಣೆಗಳು. ಆದರೆ ಮೂರನೆಯ ಸಂಪುಟ ಬೇಕೆಂದು ಗೊತ್ತಿಲ್ಲದವನಿಗೆ ಆರ್ಕೈವ್ ಏನು ಕೊಟ್ಟೀತು? ಬಸರಾಳು, ಬಸರಾಳ್, ಬಸ್ರಾಳು ಎಂದು ಇಂಗ್ಲಿಷ್ ಅಕ್ಷರದಲ್ಲಿ ಬೇರೆಬೇರೆ ಬಗೆಯಲ್ಲಿ ಟೈಪ್ ಮಾಡಿ ನೋಡಬೇಕೆಂಬ ಸಣ್ಣ ಉಪಾಯವನ್ನೂ ಯಾರಾದರೂ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಕೇಳಿದ್ದಕ್ಕೆಲ್ಲ ನಿರರ್ಗಳವಾಗಿ ಉತ್ತರ ಬರೆಯುವ ಎಐ ಬಂದ ಮೇಲಂತೂ ಆಧಾರ ಎಲ್ಲಿ ಎಂದು ಪುಟ ತೆಗೆದು ನೋಡುವ ಅಭ್ಯಾಸ ಹಿಂದೆಂದಿಗಿಂತ ಅಗತ್ಯವಾಗಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಊರಕಡೆಯ ಕಾಲೇಜುಗಳ ಲೈಬ್ರರಿಯಲ್ಲಿರುವುದು ಪಠ್ಯಪುಸ್ತಕ, ಗೈಡು, ಹಳೆಯ ಪ್ರಶ್ನೆಪತ್ರಿಕೆ, ಒಳ್ಳೆಯ ಪುಸ್ತಕವಿದ್ದರೆ ಅದು ಬೀಗದೊಳಗೆ. ಇದನ್ನು ತಳ್ಳಿಹಾಕಲಾಗದು. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಬಳಕೆಗಾಗಿ ಇದೆ ಎಂಬುದು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರವನ್ನೇ ಕಟ್ಟಿದ ಅವರ ಮಾತು, ಅದೇ ರಾಜ್ಯದ ಎಷ್ಟೋ ಬೀರುಗಳ ಬೀಗವನ್ನು ಇನ್ನೂ ತೆರೆಸಿಲ್ಲ ಎನ್ನುವುದು ನೋವಿನ ಸಂಗತಿ. ಆದರೂ ಕೊರತೆಯ ಲೆಕ್ಕವನ್ನು ಸರಿಯಾಗಿ ಹಾಕಬೇಕು. ಈ ಲೇಖನದಲ್ಲಿ ಹೇಳಿದ ಕೆಲಸಕ್ಕೆ ಬೇಕಾದದ್ದು ಜಿಲ್ಲೆಯ ಒಂದು ಶಾಸನ ಸಂಪುಟ, ಒಂದು ಗೆಜೆಟಿಯರ್, ಹೊಯ್ಸಳ ವಾಸ್ತುವಿನ ಒಂದೆರಡು ಪುಸ್ತಕ, ಒಂದು ಕಂಪ್ಯೂಟರ್. ಜೊತೆಗೆ ಲೈಬ್ರರಿಯನ್‌ಗೆ ಪುಸ್ತಕ ಕೊಟ್ಟು-ತೆಗೆದುಕೊಳ್ಳುವುದರ ಆಚೆಗೆ ಪಾಠ ಹೇಳಲು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್. ಬಡ ಕಾಲೇಜಿಗೂ ಇದು ನಿಲುಕುತ್ತದೆ. ಪರೀಕ್ಷೆಗೆ ಉಪಯೋಗವಿಲ್ಲ ಎನ್ನುವವರಿಗೆ ಇಷ್ಟೇ ಉತ್ತರ: ಪ್ರಾಜೆಕ್ಟಿಗೆ ಅಂಕ ಕೊಡುವವರು ಪುಟ ಎಣಿಸುವ ಬದಲು ಅಡಿಟಿಪ್ಪಣಿ ತೆರೆದು ನೋಡಲು ಶುರುಮಾಡಿದರೆ ಉಪಯೋಗ ತಾನಾಗಿ ಬರುತ್ತದೆ.

ಹೀಗೆ ತಯಾರಾದ ವರದಿಯ ಒಂದು ಪ್ರತಿ ಕಾಲೇಜಿನ ಸ್ಟೋರ್‌ರೂಮಿಗೆ ಹೋಗಬಾರದು. ಕರೆಸಂಖ್ಯೆ ಬರೆಸಿಕೊಂಡು, ಕ್ಯಾಟಲಾಗಿಗೆ ಸೇರಿ, ಏಳನೆಯ ಸಂಪುಟದ ಪಕ್ಕದಲ್ಲೇ ನಿಲ್ಲಬೇಕು. ಮುಂದಿನ ವರ್ಷ ಬಸರಾಳನ್ನು ಆರಿಸಿಕೊಳ್ಳುವವರು ಅದನ್ನು ಮೊದಲು ಓದಿ, ಅದರಲ್ಲಿನ ಶಾಸನಸಂಖ್ಯೆಗಳನ್ನು ಸಂಪುಟದೊಡನೆ ತಾಳೆ ನೋಡಿ, ತಪ್ಪಿದ್ದರೆ ತಿದ್ದಿ, ಗುಡಿಯ ಹೊರಗೋಡೆಯ ಶಿಲ್ಪಗಳ ಪಟ್ಟಿಯಂಥ ಆ ವರದಿಯಲ್ಲಿ ಇಲ್ಲದ ಭಾಗವನ್ನು ಕೈಗೆತ್ತಿಕೊಳ್ಳಲಿ.