ಬಾಲಕಿಯರ ಪ್ರೌಢಶಾಲೆಯ ಆಯ್ಕೆ: ಫಲಿತಾಂಶದ ಹಿಂದಿನ ಲೆಕ್ಕ

ಬೆಂಗಳೂರು: ಏಳನೇ ತರಗತಿಯಲ್ಲಿ ಸಾಧಾರಣ ಅಂಕ ಗಳಿಸಿದ ಮಗಳಿಗೆ ಹೆಸರಾಂತ ಶಾಲೆಯಲ್ಲಿ ಸೀಟು ದೊರೆಯದಿದ್ದಾಗ, ಎಲ್ಲರಿಗೂ ಪ್ರವೇಶ ನೀಡುವ ಖಾಸಗಿ ಬಾಲಕಿಯರ ಪ್ರೌಢಶಾಲೆಗಳತ್ತ ಪೋಷಕರು ಮುಖ ಮಾಡುತ್ತಾರೆ. ಆದರೆ ಪ್ರವೇಶ ಸುಲಭವಾದ ಮಾತ್ರಕ್ಕೆ ಶಾಲೆ ಆಕೆಯನ್ನು ಎಸ್ಸೆಸ್ಸೆಲ್ಸಿವರೆಗೆ ಕೈಹಿಡಿದು ನಡೆಸುತ್ತದೆ ಎನ್ನಲಾಗದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, 6ರಿಂದ 14 ವರ್ಷದ ಮಕ್ಕಳ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಹಾಗೂ ವಂತಿಗೆಯನ್ನು ನಿಷೇಧಿಸಿದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಎಂಟನೇ ತರಗತಿ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಒಂಬತ್ತು ಮತ್ತು ಹತ್ತನೇ ತರಗತಿಗಳು ಇಲ್ಲ.

ಹೀಗಾಗಿ ಜರಡಿ ಹಿಡಿಯುವ ಕೆಲಸ ಒಂಬತ್ತನೇ ತರಗತಿಗೆ ಮುಂದೂಡಲ್ಪಡಬಹುದು. ಫಲಿತಾಂಶ ಕುಗ್ಗುವ ಭೀತಿಯಿಂದ ಕಲಿಕೆಯಲ್ಲಿ ಹಿಂದುಳಿದವರನ್ನು ಅನುತ್ತೀರ್ಣಗೊಳಿಸುವ, ವರ್ಗಾವಣೆ ಪತ್ರ ಪಡೆಯುವಂತೆ ಸೂಚಿಸುವ ಸಾಧ್ಯತೆಯಿದೆ.

ಉದಾಹರಣೆಗೆ, ಎಂಟನೇ ತರಗತಿಗೆ ಸೇರಿದ 60 ಬಾಲಕಿಯರಲ್ಲಿ 45 ಮಂದಿ ಮಾತ್ರ ಪರೀಕ್ಷೆ ಬರೆದು ಎಲ್ಲರೂ ತೇರ್ಗಡೆಯಾದರೆ ಫಲಿತಾಂಶ ಶೇ. 100. ಮತ್ತೊಂದು ಶಾಲೆಯಲ್ಲಿ 60 ಮಂದಿಯೂ ಬರೆದು 54 ಮಂದಿ ತೇರ್ಗಡೆಯಾದರೆ ಶೇ. 90. ಫಲಕದಲ್ಲಿ ಮೊದಲನೆಯದೇ ಮೇಲು. ದಡ ಸೇರಿದವರ ಲೆಕ್ಕದಲ್ಲಿ ಎರಡನೆಯದು.

ಆದ್ದರಿಂದ ಎರಡು ವರ್ಷಗಳ ಹಿಂದೆ ಎಂಟನೇ ತರಗತಿಯಲ್ಲಿದ್ದವರೆಷ್ಟು, ಈ ಬಾರಿ ಎಸ್ಸೆಸ್ಸೆಲ್ಸಿ ಬರೆದವರೆಷ್ಟು ಎಂದು ಮುಖ್ಯೋಪಾಧ್ಯಾಯರನ್ನು ಕೇಳುವುದು ಒಳಿತು. ಮಾನ್ಯತೆ ನವೀಕರಣ, ಗಣಿತ-ವಿಜ್ಞಾನಕ್ಕೆ ಪ್ರತ್ಯೇಕ ಶಿಕ್ಷಕರು, ಹಿಂದುಳಿದವರಿಗೆ ವಿಶೇಷ ತರಗತಿ ಇವೆಯೇ ಎಂಬುದನ್ನೂ ವಿಚಾರಿಸಬೇಕು. ಮಗಳನ್ನು ಸೇರಿಸಿಕೊಳ್ಳುವ ಶಾಲೆಗಿಂತ ಉಳಿಸಿಕೊಳ್ಳುವ ಶಾಲೆ ಮುಖ್ಯ.