ಕಣ್ಣಿಗಿಂತ ಮಗು ದೊಡ್ಡದು

ನಮ್ಮ ಕುಂದಾಪುರ ಬದಿಯಲ್ಲಿ ಕಾಯಿಲೆ ಗುಣವಾಗದಿದ್ದರೆ "ಮದ್ದ್ ತಾಗ್ಲಿಲ್ಲೆ" ಅಂತಾರೆ. ಮತ್ತೆ ಇನ್ನೊಂದು ಆಸ್ಪತ್ರೆ, ಇನ್ನೊಂದು ನಾಟಿಮದ್ದು ಹುಡುಕಿ ಹೊರಡೋದು. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾದಲ್ಲಿ ಈ ಅಲೆದಾಟವೇ ಪ್ರಾಣಕ್ಕೆ ಸಂಚಕಾರ ತರಬಹುದು.

ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಕಾಯಿಲೆ ಇದು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದು, ಮೆಳ್ಳೆಗಣ್ಣು ಕಾಣಿಸಿಕೊಳ್ಳುವುದು ಇದರ ಸೂಚನೆ.

ಬೈಂದೂರಿನಲ್ಲಿರುವ ನನ್ನ ಸಂಬಂಧಿಕರ ಮಗಳಿಗೆ ಕಿಮೋಥೆರಪಿ ಶುರುವಾದಾಗ ಗಡ್ಡೆ ಕುಗ್ಗಿತ್ತು. ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯಿತು. "ಮದ್ದ್ ಸಮ ಇಲ್ಯಾ, ಡಾಕ್ಟ್ರ್ ಸಮ ಇಲ್ಯಾ?" ಎಂದು ಅವಳ ಅಜ್ಜಿ ಕೇಳಿದರು. ಎರಡೂ ಸರಿಯಾಗಿಯೇ ಇದ್ದವು.

ವಿನ್‌ಕ್ರಿಸ್ಟೀನ್, ಎಟೊಪೊಸೈಡ್, ಕಾರ್ಬೋಪ್ಲಾಟಿನ್ ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಔಷಧಗಳು. ಇವು ರಕ್ತದ ಮೂಲಕ ಸಾಗುತ್ತವೆ. ಆದರೆ ಕಣ್ಣೊಳಗಿನ ಲೋಳೆಯಲ್ಲಿ ರಕ್ತನಾಳಗಳೇ ಇಲ್ಲ. ಗಡ್ಡೆಯಿಂದ ಉದುರಿ ಅಲ್ಲಿ ತೇಲುವ ಕ್ಯಾನ್ಸರ್ ಕಣಗಳಿಗೆ ಔಷಧ ಸಾಕಷ್ಟು ತಲುಪುವುದಿಲ್ಲ. ಇನ್ನು ಕೆಲವು ಜೀವಕೋಶಗಳಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಇರುತ್ತದೆ. ಗಂಗೊಳ್ಳಿಯ ಮೀನುಗಾರರು ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವಂತೆ, ಅದು ಒಳಬಂದ ಔಷಧವನ್ನು ಹೊರಗೆ ತಳ್ಳುತ್ತದೆ. ಹೀಗೆ ಬದುಕುಳಿದ ಜೀವಕೋಶಗಳೇ ಮತ್ತೆ ಹೆಚ್ಚುತ್ತವೆ.

ಹಾಗಂತ ದಾರಿ ಮುಚ್ಚಿತು ಎಂದಲ್ಲ. ಮೆಲ್ಫಲಾನ್ ಎಂಬ ಔಷಧವನ್ನು ಕಣ್ಣಿನ ರಕ್ತನಾಳಕ್ಕೇ ಬಿಡಬಹುದು, ಇಲ್ಲವೇ ಲೋಳೆಯೊಳಗೆ ಚುಚ್ಚುಮದ್ದಾಗಿ ಕೊಡಬಹುದು. ಯಾವುದು ಯಾರಿಗೆ ಎಂಬುದನ್ನು ತಜ್ಞರೇ ಹೇಳಬೇಕು. ನಮ್ಮ ಮೂರೂ ತಾಲೂಕಿನವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲೂ ಈ ಕಾಯಿಲೆಗೆ ಚಿಕಿತ್ಸೆಯಿದೆ.

ನಮ್ಮ ಹುಡುಗಿಯ ಕಣ್ಣನ್ನು ಕೊನೆಗೆ ತೆಗೆಯಲೇಬೇಕಾಯಿತು. "ಹೆಣ್ ಮಗು, ನಾಳೆ ಮದುವೆ ಆಯ್ಕಲೆ" ಎಂದವರಿಗೆ ಕಡಿಮೆಯಿಲ್ಲ. ಆದರೆ ಗಡ್ಡೆ ಕಣ್ಣಿನ ನರದ ಗುಂಟ ಮಿದುಳಿಗೆ ಹಬ್ಬಿದರೆ ಮಗುವೇ ಉಳಿಯುವುದು ಕಷ್ಟ. ಅವಳ ತಾಯಿ ಗಟ್ಟಿ ಮನಸ್ಸು ಮಾಡಿ ಸಹಿ ಹಾಕಿದಳು. ಈಗ ಹುಡುಗಿ ಕೃತಕ ಕಣ್ಣು ಹಾಕಿಕೊಂಡು ಅಂಗನವಾಡಿಗೆ ಹೋಗುತ್ತಾಳೆ, ತಪಾಸಣೆಯನ್ನೂ ತಪ್ಪಿಸುವುದಿಲ್ಲ.

ಇನ್ನೊಂದು ಮಾತು: 1986ರಲ್ಲಿ ಗುರುತಿಸಲಾದ ಆರ್‌ಬಿ1 ಎಂಬ ವಂಶವಾಹಿಯ ದೋಷ ಈ ಕಾಯಿಲೆಗೆ ಕಾರಣ. ಸುಮಾರು ಶೇ. 40ರಷ್ಟು ಮಕ್ಕಳಲ್ಲಿ ಅದು ಮುಂದಿನ ಪೀಳಿಗೆಗೂ ದಾಟಬಲ್ಲದು. ಮನೆಯಲ್ಲಿ ಒಂದು ಮಗುವಿಗೆ ಬಂದಿದ್ದರೆ ತಮ್ಮ ತಂಗಿಯರ ಕಣ್ಣನ್ನೂ ಹುಟ್ಟಿದ ಕೂಡಲೇ ತೋರಿಸಿ. ಬೇಗ ಸಿಕ್ಕಿದರೆ ಮಗುವಿನ ಜೊತೆ ಕಣ್ಣೂ ಉಳಿಯಬಹುದು.